ಹೆಸರಿನ ಜಾಗ

ನಮ್ಮ ಹೋಬಳಿಯಲ್ಲಿ ನಾಯಕನೆನಿಸಿಕೊಳ್ಳಲು ಒಂದು ಬಿಳಿ ಅಂಗಿ, ಒಂದು ಫ್ಲೆಕ್ಸು, ಒಂದು ಹುಟ್ಟುಹಬ್ಬದ ಹಾಡು ಇದ್ದರೆ ಸಾಕು. ಅಂಗಿಯನ್ನು ಅವರವರೇ ಹೊಲಿಸಿಕೊಳ್ಳುತ್ತಾರೆ. ಫ್ಲೆಕ್ಸನ್ನು ಹೊಸಕೋಟೆ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ಆನಂದ್ ಹೊಡೆದುಕೊಡುತ್ತಾನೆ. ಹಾಡು ಮಾಡಿಕೊಡುತ್ತಿದ್ದವಳು ಜಡಿಗೇನಹಳ್ಳಿ ಪಕ್ಕದ ನಮ್ಮೂರಿನ ಪಿಳ್ಳಣ್ಣನ ಮಗಳು ಕೀರ್ತನ.

ಹಾಡುಗಳು ಎಂದರೆ ನಿಜವಾಗಿ ಒಂದೇ ಹಾಡು. ತಮಟೆ ಏಟಿನ ಒಂದು ಟ್ರ್ಯಾಕ್, ಅದರ ಮೇಲೆ ‘ಬಡವರ ಬಂಧು’, ‘ಯುವಕರ ಕಣ್ಮಣಿ’ ಎಂಬಂಥ ನಾಲ್ಕು ಮಾತು, ನಡುನಡುವೆ ಒಂದಿಷ್ಟು ಖಾಲಿ. ಆ ಖಾಲಿಗೆ ಅವಳೂ ಆನಂದನೂ ‘ಹೆಸರಿನ ಜಾಗ’ ಎನ್ನುತ್ತಿದ್ದರು. ಗಿರಾಕಿಯ ಹೆಸರನ್ನು ಅಲ್ಲಿ ತುಂಬಿದರೆ ಹಾಡು ಅವನದಾಗುತ್ತಿತ್ತು. ಬೈಲಪ್ಪನಾದರೆ ಸಲೀಸು. ರಾಮಾಂಜಿನಪ್ಪನಂಥ ಉದ್ದ ಹೆಸರಿನವರು ಬಂದರೆ ಉಸಿರು ಬಿಗಿಹಿಡಿದು ತುರುಕಬೇಕಾಗುತ್ತಿತ್ತು. ಹುಟ್ಟುಹಬ್ಬದ ದಿನ ಸರ್ಕಲ್ಲಿನಲ್ಲಿ ಆ ಹಾಡು ಕಿವಿ ಕಿತ್ತುಹೋಗುವಂತೆ ಮೊಳಗುತ್ತಿತ್ತು. ಮಾರನೆಯ ದಿನ ಅದನ್ನು ಕೇಳುವ ನಾಯಿಯೂ ಇರುತ್ತಿರಲಿಲ್ಲ. ಈ ದಂಧೆಯಲ್ಲಿ ಕೀರ್ತನಳಿಗೆ ಸಮಾಧಾನ ಕೊಡುತ್ತಿದ್ದ ಸಂಗತಿ ಇದೊಂದೇ.

ಏಕೆಂದರೆ ಅವಳಿಗೆ ಬೇಕಾಗಿದ್ದುದು ಬೇರೆ. ತನ್ನ ಪದ, ತನ್ನ ರಾಗ, ಕೆಳಗೆ ತನ್ನ ಹೆಸರು. ಅದನ್ನು ಯಾರೂ ಕೊಡುವುದಿಲ್ಲ, ತಾನೇ ಮಾಡಿಕೊಳ್ಳಬೇಕು ಎಂಬುದು ಅವಳಿಗೆ ಬೇಗ ತಿಳಿಯಿತು. ವಾರವಿಡೀ ಹೊಸಕೋಟೆಯ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದಳು. ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಹಳೆಯ ಕೀಬೋರ್ಡು ಕೊಂಡಿದ್ದಳು. ಅದರಲ್ಲಿ ಎರಡು ಕೀ ಸತ್ತಿದ್ದವು. ಆ ಎರಡು ಸ್ವರ ಬಾರದಂತೆ ರಾಗ ಕಟ್ಟುವುದನ್ನು ರೂಢಿ ಮಾಡಿಕೊಂಡಳು. ಸೌಂಡ್ ಮಿಕ್ಸಿಂಗನ್ನು ಫೋನಿನಲ್ಲಿ ಹಿಂದಿ ವಿಡಿಯೊ ನೋಡಿ ಕಲಿತಳು. ಹಿಂದಿ ಅವಳಿಗೆ ಬಾರದು. ಹೇಳಿಕೊಡುವವನ ಬೆರಳು ಎಲ್ಲಿ ಒತ್ತುತ್ತದೆಂದು ನೋಡಿಕೊಂಡು ಅಲ್ಲೇ ಒತ್ತುತ್ತಿದ್ದಳು.

ಸ್ಟುಡಿಯೊ ಎಂದರೆ ಮನೆಯ ಮೇಲಿನ ತಗಡಿನ ಕೋಣೆ. ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ರಗ್ಗು. ಫ್ಯಾನ್ ಹಾಕಿದರೆ ಮೈಕಿಗೆ ಕೇಳುತ್ತದೆ, ಹಾಗಾಗಿ ಫ್ಯಾನಿಲ್ಲ. ಬೆಳಿಗ್ಗೆ ಟ್ರ್ಯಾಕ್ಟರುಗಳ ಗಲಾಟೆ, ಸಂಜೆ ಡೈರಿಯ ಕ್ಯಾನುಗಳ ಗಲಾಟೆ. ಊರು ಬಾಯಿ ಮುಚ್ಚುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ, ಎಲ್ಲರೂ ಬಾಡೂಟ ಉಂಡು ಮಲಗಿದಾಗ. ಆಗ ತಗಡು ಕಾದ ಹೆಂಚಾಗಿರುತ್ತಿತ್ತು. ಹಾಡಿ ಮುಗಿಸಿ ಇಳಿದು ಬರುವಾಗ ಅವಳ ಮೈಮೇಲಿನ ಬಟ್ಟೆ ಹಿಂಡುವಂತಿರುತ್ತಿತ್ತು. ಹೀಗೆ ಬೆಂದು ಕಂಪನಿ ಬಸ್ಸಿನ ಮೇಲೊಂದು, ಬೋರ್‌ವೆಲ್ ಲಾರಿಯ ಮೇಲೊಂದು ಹಾಡು ಮಾಡಿ ಇಂಟರ್ನೆಟ್ಟಿಗೆ ಹಾಕಿದಳು. ಕೇಳಿದವರಲ್ಲಿ ಅರ್ಧ ಅವಳೇ. ಬೆಂಗಳೂರಿನ ಸಂಗೀತದ ದೊಡ್ಡಮನುಷ್ಯನೊಬ್ಬ, ದನಿ ಚೆನ್ನಾಗಿದೆ, ಮುಖ ಸ್ವಲ್ಪ ಬೆಳ್ಳಗಿದ್ದಿದ್ದರೆ ನೋಡಬಹುದಿತ್ತು ಎಂದ. ಅವನ ಹೆಸರು ಬರೆದು ಈ ಹಾಳೆಯನ್ನು ಹೊಲಸು ಮಾಡಲು ನನಗಿಷ್ಟವಿಲ್ಲ.

ಇವೆಲ್ಲದರ ಹಿಂದೆ ಅವಳು ಬಚ್ಚಿಟ್ಟುಕೊಂಡಿದ್ದ ಒಂದು ಹಾಡಿತ್ತು. ಅದು ಅವಳ ತಾಯಿ ಪಾಪಕ್ಕನದು. ಪಾಪಕ್ಕ ನಮ್ಮ ಪಂಚಾಯಿತಿಯ ಮಾಜಿ ಅಧ್ಯಕ್ಷ ಅಪ್ಪಯ್ಯಣ್ಣನ ಕೊಟ್ಟಿಗೆಯಲ್ಲಿ ಸಗಣಿ ಬಾಚುವ, ಹಸು ತೊಳೆಯುವ, ಹಾಲು ಕರೆಯುವ ಕೆಲಸಕ್ಕಿದ್ದಳು. ಕೆಲಸ ಮಾಡುತ್ತ ಒಂದು ರಾಗ ಗುನುಗುತ್ತಿದ್ದಳು. ಅದಕ್ಕೆ ಪದವಿರಲಿಲ್ಲ, ಮೂರೇ ಸಾಲಿನಷ್ಟು ಉದ್ದ. ಸ್ಕೂಲಿಗೆ ಹೋಗುವ ಮುಂಚೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಮಗಳು ಅದನ್ನು ಕೇಳುತ್ತಿದ್ದಳು. ಮನೆಯಲ್ಲಿ ಪಾಪಕ್ಕ ಗುನುಗಿದ್ದೇ ಇಲ್ಲ. ಗಂಡ ಎದುರಿಗೆ ಬಂದರೆ ಅವಳ ಬಾಯಿಗೆ ಹೊಲಿಗೆ ಬೀಳುತ್ತಿತ್ತು. ಪಿಳ್ಳಣ್ಣ ಹೊಡೆಯುವವನೂ ಅಲ್ಲ, ಬೈಯುವವನೂ ಅಲ್ಲ. ಗೋಡೌನ್ ಕಾಯುವ ಕೆಲಸ ಮಾಡುತ್ತ ತನ್ನ ಪಾಡಿಗೆ ತಾನಿರುವ ಮನುಷ್ಯ. ಅವಳ ನಾಚಿಕೆ, ಅಷ್ಟೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಕಾಮಾಲೆ ಬಂದು ಪಾಪಕ್ಕ ಸತ್ತಳು. ರೇಷನ್ ಕಾರ್ಡಿಗೆಂದು ತೆಗೆಸಿದ್ದ ಫೋಟೊ ಒಂದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ದನಿ ಎಲ್ಲೂ ಉಳಿಯಲಿಲ್ಲ.

ಉಳಿದಿದ್ದುದು ಮಗಳ ಕಿವಿಯಲ್ಲಿ ಮಾತ್ರ. ಆ ಮೂರು ಸಾಲಿಗೆ ಕೀರ್ತನ ವರ್ಷಗಟ್ಟಲೆ ಪದ ಹುಡುಕಿದಳು, ಕಟ್ಟಿದಳು, ಕೆಡವಿದಳು. ಮೂರನೆಯ ಸಾಲಿನ ಕೊನೆಗೆ ರಾಗ ನೇರವಾಗಿ ಕೆಳಗಿಳಿದು ನಿಲ್ಲುತ್ತದೆ. ಆ ಇಳಿಜಾರಿನಲ್ಲಿ ತಾಯಿಯ ಹೆಸರನ್ನು ಕೂರಿಸಿದಳು. ಪಾಪಕ್ಕ. ಯಾವ ಫ್ಲೆಕ್ಸಿನ ಮೇಲೂ ಬಾರದ ಹೆಸರು ಒಂದು ಹಾಡಿನೊಳಗಾದರೂ ಇರಲಿ ಎಂಬುದು ಅವಳ ಆಸೆ. ಮುಂದಿನ ಮಹಾಲಯ ಅಮಾವಾಸ್ಯೆಗೆ, ತಾಯಿಗೆ ಎಡೆ ಇಡುವ ದಿನ, ಅದನ್ನು ಲೋಕಕ್ಕೆ ಬಿಡಬೇಕು, ಅಪ್ಪನಿಗೆ ಅವತ್ತೇ ಮೊದಲ ಸಲ ಕೇಳಿಸಬೇಕು ಎಂದು ನಿಶ್ಚಯಿಸಿಕೊಂಡಿದ್ದಳು. ಉಳಿದ ಹಾಡುಗಳು ಹಾಳಾಗಿ ಹೋಗಲಿ, ಇದೊಂದು ನಿಂತರೆ ಸಾಕಿತ್ತು ಅವಳಿಗೆ.

ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಅಪ್ಪಯ್ಯಣ್ಣನಿಗೆ ಸ್ಟ್ರೋಕ್ ಹೊಡೆಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬಾಯಿಗೆ ಕೊಳವೆ ಹಾಕಿ ಮಲಗಿಸಿದರು. ಡಾಕ್ಟರು ತಲೆಯಾಡಿಸಿದ್ದೇ ತಡ, ಮಗ ಕೆಂಪರಾಜ್ ಆಸ್ಪತ್ರೆಯ ಕ್ಯಾಂಟೀನಿನಿಂದಲೇ ಆನಂದ್‌ಗೆ ಫೋನ್ ಮಾಡಿ ಶ್ರದ್ಧಾಂಜಲಿ ಫ್ಲೆಕ್ಸುಗಳಿಗೆ ಆರ್ಡರ್ ಕೊಟ್ಟ. ಇದನ್ನು ಕೇಳಿ ಹುಬ್ಬೇರಿಸುವವರು ನಮ್ಮ ಕಡೆಯವರಲ್ಲ. ಇಲ್ಲಿ ದೊಡ್ಡವರು ಸತ್ತರೆ ಯಾರ ಫ್ಲೆಕ್ಸು ಮೊದಲು ನಿಂತಿತು, ಯಾರ ಸ್ಟೇಟಸ್ ಮೊದಲು ಬಂತು ಎಂದು ಜನ ಗಮನಿಸುತ್ತಾರೆ. ತಡವಾದವನ ದುಃಖವನ್ನು ಯಾರೂ ನಂಬುವುದಿಲ್ಲ. ಹೆತ್ತ ಮಗನೇ ತಡ ಮಾಡಿದರೆ ಮುಂದಿನ ಪಂಚಾಯಿತಿ ಎಲೆಕ್ಷನ್ನಿಗೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಫ್ಲೆಕ್ಸಿನ ಜೊತೆಗೆ ಹಾಡೂ ಬೇಕಾಯಿತು. ಕೆಂಪರಾಜ್ ಅದಕ್ಕಾಗಿ ಕಾರು ನಿಲ್ಲಿಸಿ ಪಿಳ್ಳಣ್ಣನ ಮನೆಯ ಬಾಗಿಲಿಗೇ ಬಂದ. ಕೇಳಿದವರು ಅಳಬೇಕು, ಗಂಡಸರೂ ಅಳಬೇಕು ಎಂದ. ಹನ್ನೊಂದನೆಯ ದಿನದ ತಿಥಿಗೆ ದೊಡ್ಡ ಸ್ಟೇಜು ಹಾಕಿಸುತ್ತೇನೆ, ಅಲ್ಲಿ ನೀನೇ ಹಾಡಬೇಕು, ಪರದೆಯ ಮೇಲೆ ‘ರಚನೆ, ಸಂಗೀತ, ಗಾಯನ: ಕೀರ್ತನ’ ಎಂದು ಬರುತ್ತದೆ ಎಂದ. ಈ ಆಶ್ರಯ ಯೋಜನೆಯ ಮನೆ ನಮ್ಮಪ್ಪ ಅಧ್ಯಕ್ಷರಾಗಿದ್ದಾಗಲೇ ನಿಮಗೆ ಸಿಕ್ಕಿದ್ದಲ್ಲವೇ ಎಂದು ಪಿಳ್ಳಣ್ಣನನ್ನು ನಗುನಗುತ್ತಲೇ ಕೇಳಿ ಹೋದ.

ಕೀರ್ತನ ಹುಟ್ಟುಹಬ್ಬದ ಟ್ರ್ಯಾಕನ್ನೇ ನಿಧಾನ ಮಾಡಿ ನೋಡಿದಳು. ಬ್ಯಾಟರಿ ಇಳಿದ ಆಟದ ಸಾಮಾನಿನ ಹಾಗೆ ಕೇಳಿತು. ಅಳು ತರಿಸುವ ರಾಗ ಅವಳ ಬಳಿ ಒಂದೇ ಇದ್ದದ್ದು. ಎರಡು ದಿನ ಕೊಡುವುದಿಲ್ಲ ಎಂದುಕೊಂಡಳು. ಆಮೇಲೆ ದಂಧೆಯ ಬುದ್ಧಿ ಕೆಲಸ ಮಾಡಿತು. ಹುಟ್ಟುಹಬ್ಬದ ಹಾಡಿಗೆ ಒಂದು ದಿನದ ಆಯಸ್ಸು, ಸಾವಿನ ಹಾಡಿಗೆ ತಿಥಿಯವರೆಗೆ. ತಿಥಿಯ ಊಟ ಮುಗಿದರೆ ಫ್ಲೆಕ್ಸು ಬಿಚ್ಚಿ ಹುಲ್ಲಿನ ಮೆದೆಗೆ ಹೊದಿಸುತ್ತಾರೆ, ಹಾಡನ್ನು ಎಲ್ಲರೂ ಮರೆಯುತ್ತಾರೆ. ಅಷ್ಟರಲ್ಲಿ ಸ್ಟೇಜು ಸಿಗುತ್ತದೆ, ಹೆಸರು ನಾಲ್ಕು ಜನಕ್ಕೆ ಕಾಣುತ್ತದೆ, ಅಮಾವಾಸ್ಯೆಯ ಹೊತ್ತಿಗೆ ರಾಗ ಮತ್ತೆ ಅಮ್ಮನದಾಗುತ್ತದೆ. ಅವಳ ಲೆಕ್ಕಾಚಾರ ಹೀಗಿತ್ತು. ನಮ್ಮೂರಿನಲ್ಲಿ ಬೇರೆ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಭಾನುವಾರ ಮಧ್ಯಾಹ್ನ ತಗಡಿನ ಕೆಳಗೆ ಕೂತು ಪದ ಬದಲಿಸಿದಳು. ‘ಸೆರಗು’ ಇದ್ದ ಕಡೆ ‘ನೆರಳು’ ಬಂತು. ‘ಪಾಪಕ್ಕ’ ಇದ್ದ ಕಡೆ ‘ಅಪ್ಪಯ್ಯಣ್ಣ’ ಬಂತು. ಆದರೆ ಆ ಹೆಸರು ಉದ್ದ, ನೇರವಾದ ಇಳಿಜಾರಿನಲ್ಲಿ ಹಿಡಿಸಲಿಲ್ಲ. ಅದಕ್ಕೆಂದು ಕೊನೆಯಲ್ಲಿ ರಾಗವನ್ನು ಒಂದು ಸಲ ಮೇಲಕ್ಕೆ ಬಳುಕಿಸಿ ಇಳಿಸಿದಳು. ಹಾಡುವಾಗ ಕಣ್ಣಲ್ಲಿ ನೀರು ಬಂತು. ಅಪ್ಪಯ್ಯಣ್ಣನಿಗೆಂದು ಅಲ್ಲ. ಮೈಕಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮುಂದಿನ ವಾರ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಯಾರೋ ‘ಹೋದ್ರಂತೆ’ ಎಂದರು. ಯಾರು ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಪಕ್ಕದ ಮಂಚದವನು ಹೋಗಿದ್ದ. ಕೆಂಪರಾಜಣ್ಣ ಯುವ ಬಳಗದವರು ಹಾಡನ್ನು ಹಾಕಿಯೇಬಿಟ್ಟರು. ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದವು, ಆಟೋಗಳಿಗೆ ಮೈಕು ಕಟ್ಟಿದರು, ಡೈರಿಗೆ ಬೀಗ ಬಿತ್ತು. ಕೀರ್ತನಳ ದನಿ ಜಡಿಗೇನಹಳ್ಳಿಯಿಂದ ಹೊಸಕೋಟೆಯವರೆಗೆ ರಸ್ತೆಯುದ್ದಕ್ಕೂ ಅತ್ತಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಜೆಯ ಹೊತ್ತಿಗೆ ಅಪ್ಪಯ್ಯಣ್ಣ ಕಣ್ಣು ಬಿಟ್ಟಿದ್ದಾನೆ, ನೀರು ಕೇಳಿದ್ದಾನೆ ಎಂದು ಸುದ್ದಿ ಬಂತು.

ಫ್ಲೆಕ್ಸುಗಳನ್ನು ಕದ್ದು ಬಿಚ್ಚಿದರು. ಹಾಡನ್ನು ಮಾತ್ರ ಬಿಚ್ಚಲಾಗಲಿಲ್ಲ. ಬದುಕಿರುವವನಿಗೆ ಸಾವಿನ ಹಾಡು ಮಾಡಿದ ಊರು ಎಂದು ತಾಲ್ಲೂಕೆಲ್ಲ ನಗುತ್ತ ಅದನ್ನು ಹಂಚಿಕೊಂಡಿತು. ಮಾಲೂರು, ಚಿಂತಾಮಣಿ ಕಡೆಗೂ ಹೋಯಿತು. ನಗಲೆಂದು ಹಾಕಿಕೊಂಡವರು ಕೊನೆಯ ಸಾಲಿಗೆ ಬರುವಾಗ ಸುಮ್ಮನಾಗುತ್ತಿದ್ದರು. ಅವಳ ಬಸ್ಸಿನ ಹಾಡನ್ನು ಒಂದು ವರ್ಷದಲ್ಲಿ ಕೇಳಿದವರಿಗಿಂತ ಹೆಚ್ಚು ಜನ ಇದನ್ನು ಒಂದು ಗಂಟೆಯಲ್ಲಿ ಕೇಳುತ್ತಿದ್ದರು. ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಕೂಡ ಅವಳ ಮೆಷಿನ್ ಪಕ್ಕ ನಿಂತು ‘ಅಪ್ಪಯ್ಯಣ್ಣಾ’ ಎಂದು ರಾಗ ಎಳೆದು ಹೋದ. ಕೀರ್ತನಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಪ್ಪಯ್ಯಣ್ಣ ಮನೆಗೆ ಬಂದ ಮೇಲೆ ಕರೆ ಬಂತು. ಒದೆ ಬೀಳುತ್ತದೆಂದೇ ಅವಳು ಹೋದಳು. ನಡುಮನೆಯಲ್ಲಿ ಹಾಕಿದ್ದ ಮಂಚದ ಮೇಲೆ ಅವನು ದಿಂಬಿಗೊರಗಿ ಕೂತಿದ್ದ. ಒಂದು ಕೈ, ಒಂದು ಕಾಲು, ಅರ್ಧ ಮುಖ ಸತ್ತಿದ್ದವು. ಮಾತು ತೊದಲುತ್ತಿತ್ತು, ಅರ್ಥವಾಗದ್ದನ್ನು ಪಕ್ಕದಲ್ಲಿ ನಿಂತ ಕೆಂಪರಾಜ್ ಬಿಡಿಸಿ ಹೇಳುತ್ತಿದ್ದ. ಹಾಡು ಎಂದ ಅಪ್ಪಯ್ಯಣ್ಣ. ಅವಳು ಹಾಡಿದಳು. ಮುಗಿದ ಮೇಲೆ ಅವನು ಅವಳ ಮುಖ ನೋಡಿದ.

“ಇದು ಪಾಪಕ್ಕನ್ದು,” ಎಂದ. “ಕೊಟ್ಟಿಗೇಲಿ ಹೇಳ್ಕೊಳೋಳು. ಹಸ ಬೆದರ್ತವೆ, ಬಾಯ್ ಮುಚ್ಕೊಂಡು ಬಾಚು ಅಂತ ನಾನೇ ಗದರ್ತಿದ್ದೆ.”

ಕೆಂಪರಾಜ್ ಅದನ್ನೂ ಬಿಡಿಸಿ ಹೇಳಿದ. ಬಿಡಿಸುವ ಅಗತ್ಯವಿರಲಿಲ್ಲ. ತನ್ನ ಕಿವಿಯಲ್ಲಿ ಬಿಟ್ಟರೆ ಈ ಲೋಕದಲ್ಲಿ ಇನ್ನೊಂದು ಕಡೆ ಅಮ್ಮನ ದನಿ ಉಳಿದಿತ್ತು ಎಂದು ಕೀರ್ತನಳಿಗೆ ಸಂತೋಷ ಉಕ್ಕಿತು. ಉಳಿದಿದ್ದ ಜಾಗ ಇದು ಎಂದು ಮೈಯೆಲ್ಲ ಉರಿಯಿತು. ಎರಡೂ ಒಟ್ಟಿಗೇ ಆಯಿತು.

“ಗೌಡ್ರೇ, ಈ ಮಾತು ಇನ್ನೊಂದ್ಸಲ ಹೇಳ್ತೀರಾ? ಫೋನಲ್ಲಿ ಹಿಡ್ಕೊತೀನಿ.”

ಅವನು ಆಡುವ ಕೈಯಿಂದ ಫೋನನ್ನು ಪಕ್ಕಕ್ಕೆ ಸರಿಸಿದ. “ಮೂರೇ ಸಾಲು ಹಾಡ್ದಲ್ಲ. ನಾಲ್ಕನೇದು ಐತೆ. ಸಾಯಂಕಾಲ ಹಾಲು ಕರೆಯೋವಾಗ ಹೇಳೋಳು.”

ಸಾಯಂಕಾಲ ಹಾಲು ಕರೆಯುವ ಹೊತ್ತಿನಲ್ಲಿ ಮಗಳು ಮನೆಯಲ್ಲಿ ಮುದ್ದೆಗೆ ಎಸರು ಇಡುತ್ತಿದ್ದಳು. ಆ ಹೊತ್ತಿನ ಅಮ್ಮನನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಹೇಳಿ ಗೌಡ್ರೇ ಎಂದು ಅವಳು ಮಂಚದ ಪಕ್ಕ ಕೂತೇಬಿಟ್ಟಳು.

“ಹೇಳ್ಬಿಟ್ರೆ ನೀನು ಬರಲ್ಲ,” ಎಂದು ಅಪ್ಪಯ್ಯಣ್ಣ ಅರ್ಧ ಮುಖದಲ್ಲಿ ನಕ್ಕ. “ಭಾನುವಾರ ಉಂಡ ಮೇಲೆ ಬಾ.”

ಭಾನುವಾರ ಮಧ್ಯಾಹ್ನ ಎಂದರೆ ಅವಳ ತಗಡಿನ ಕೋಣೆಯ ಹೊತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದನ್ನೇ ಕೇಳುತ್ತಿದ್ದ. ಅವಳು ಹೋದಳು. ಮತ್ತೆ ಹೋದಳು. ನೋಡಲು ಬಂದ ನೆಂಟರ ಮುಂದೆ ಅಪ್ಪಯ್ಯಣ್ಣ ತನ್ನ ಸಾವಿನ ಹಾಡನ್ನು ಹಾಡಿಸುತ್ತಿದ್ದ. ತನ್ನ ಹೆಸರು ಬರುವ ಕಡೆ ಒಳ್ಳೆಯ ಕೈಯನ್ನು ಎತ್ತಿ ಬಳುಕಿಸುತ್ತಿದ್ದ, ಆ ಕಡೆಯನ್ನೇ ಮತ್ತೆ ಮತ್ತೆ ಹಾಡು ಎನ್ನುತ್ತಿದ್ದ. ತನ್ನ ಮೇಲೆ ತನಗೇ ಮರುಕ ಬಂದು ಜೊಲ್ಲು, ಕಣ್ಣೀರು ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ಸಾಯುವುದು ಎಷ್ಟು ಚೆನ್ನಾಗಿರುತ್ತದೆಂದು ಅವನಿಗೆ ಆ ಹಾಡು ತೋರಿಸಿಕೊಟ್ಟಿತ್ತು.

ಪ್ರತಿ ಸಲ ಎದ್ದು ಬರುವಾಗ ಅವಳು ನಾಲ್ಕನೆಯ ಸಾಲು ಕೇಳುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದ, ಗಂಟಲಿನಿಂದ ಅರ್ಧ ಸ್ವರ ಹೊರಡಿಸುತ್ತಿದ್ದ, ಅವಳು ಫೋನು ಚಾಚಿದ್ದನ್ನು ನೋಡಿ ನಿಲ್ಲಿಸುತ್ತಿದ್ದ. ಬರುವ ವಾರ ಎನ್ನುತ್ತಿದ್ದ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಅವಳು ಆ ಅರ್ಧ ಸ್ವರವನ್ನು ತಿರುವಿ ತಿರುವಿ ಕೇಳುತ್ತಿದ್ದಳು. ಒಬ್ಬ ಮುದುಕನ ಜೊಲ್ಲಿನ ಸದ್ದಿನಲ್ಲಿ ತಾಯಿಯನ್ನು ಹುಡುಕುವ ಗತಿ ಶತ್ರುವಿಗೂ ಬೇಡ. ಪಾಪಕ್ಕನ ಹೆಸರನ್ನು ಅಪ್ಪಯ್ಯಣ್ಣ ಮತ್ತೆ ಎತ್ತಲಿಲ್ಲ. ಅವಳ ತಗಡಿನ ಕೋಣೆಯಲ್ಲಿ ಮೈಕಿನ ಮೇಲೆ ಧೂಳು ಕೂತಿತು. ಹೋಗಬೇಡ, ಬಿಡು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಪಿಳ್ಳಣ್ಣನಿಗಂತೂ ದೊಡ್ಡವರ ಮನೆಯಲ್ಲಿ ಮಗಳಿಗೆ ಕುರ್ಚಿ ಕೊಡುತ್ತಾರೆಂದು ಹೆಮ್ಮೆ.

ಶ್ರಾವಣದಲ್ಲಿ ಅಪ್ಪಯ್ಯಣ್ಣ ನಿದ್ದೆಯಲ್ಲೇ ಹೋದ. ನಾಲ್ಕನೆಯ ಸಾಲನ್ನು ಜೊತೆಗೇ ಒಯ್ದ. ಅದು ಅವನ ಬಳಿ ಇತ್ತೋ, ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಈ ಸಲ ಕೆಂಪರಾಜ್ ನಾಡಿ ಹಿಡಿಸಿ ನೋಡಿದ ಮೇಲೆಯೇ ಫ್ಲೆಕ್ಸು ಕಟ್ಟಿಸಿದ. ಹಾಡು ಮತ್ತೆ ರಸ್ತೆಗಿಳಿಯಿತು. ತಿಥಿಗೆ ಹೇಳಿದಂತೆಯೇ ದೊಡ್ಡ ಸ್ಟೇಜು ಹಾಕಿಸಿದ. ಪರದೆಯ ಮೇಲೆ ‘ಅರ್ಪಣೆ: ಕೆಂಪರಾಜಣ್ಣ ಯುವ ಬಳಗ’ ಎಂದು ಬಂತು. ಬೇರೆ ಯಾವ ಹೆಸರೂ ಬರಲಿಲ್ಲ. ಕೇಳಿದಾಗ, ಫೋಟೊ ದೊಡ್ಡದಾಯಿತು, ಜಾಗ ಸಾಲಲಿಲ್ಲ ಎಂದ ಆನಂದ್. ಕೀರ್ತನ ಮೈಕಿನ ಮುಂದೆ ನಿಂತು ಹಾಡು ಎತ್ತಿಕೊಂಡಳು. ಬಾಡೂಟಕ್ಕೆ ಎಲೆ ಹಾಕಿದ್ದಾರೆ ಎಂದು ಯಾರೋ ಕೂಗಿದರು. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಅವಳ ಮುಂದೆ ಕುರ್ಚಿಗಳು ಮಾತ್ರ ಇದ್ದವು. ಅವಳು ಕುರ್ಚಿಗಳಿಗೇ ಹಾಡಿ ಮುಗಿಸಿದಳು.

ತಿಥಿ ಮುಗಿಯಿತು, ಫ್ಲೆಕ್ಸು ಬಿಚ್ಚಿದರು, ಹುಲ್ಲಿನ ಮೆದೆಗೂ ಹೊದಿಸಿದರು. ಹಾಡು ಸಾಯಲಿಲ್ಲ. ಎರಡು ಸಲ ಸತ್ತವನ ಹಾಡು ಎಂದು ಅದಕ್ಕೆ ಹೆಸರಾಗಿಬಿಟ್ಟಿತ್ತು. ಯಾರ ಮನೆಯಲ್ಲಿ ಸಾವಾದರೂ ‘ಅಪ್ಪಯ್ಯಣ್ಣನ ಹಾಡು’ ಬೇಕು, ಅದರಲ್ಲಿ ನಮ್ಮ ಅಪ್ಪನ ಹೆಸರು ಹಾಕಿಕೊಡಿ ಎಂದು ಆನಂದನ ಅಂಗಡಿಗೆ ಬಂದರು. ಕೀರ್ತನ ಹಾಡುವುದಿಲ್ಲ ಎಂದು ಹಟ ಹಿಡಿದಳು. ಟ್ರ್ಯಾಕ್ ನನ್ನ ಹತ್ತಿರ ಇದೆಯಲ್ಲ ಎಂದ ಆನಂದ್. ಮಾಲೂರಿನ ಕಡೆಯ ಒಬ್ಬ ಹುಡುಗಿಯಿಂದ ಹೆಸರು ತುಂಬಿಸತೊಡಗಿದ. ಅವನಿಗೆ ಬೇಕಾಗಿದ್ದುದು ಹೆಸರಿನ ಜಾಗ ಮಾತ್ರ.

ಅವಳು ಕೊನೆಯದಾಗಿ ಮೈ ಕೊಡವಿಕೊಂಡು ಎದ್ದಳು. ಅಮಾವಾಸ್ಯೆಗೆ ಇನ್ನೂ ಸಮಯವಿತ್ತು. ಧೂಳು ಒರೆಸಿ, ರಗ್ಗು ಇಳಿಬಿಟ್ಟು, ಕಾದ ತಗಡಿನ ಕೆಳಗೆ ಕೂತು ಅಮ್ಮನ ಹಾಡನ್ನು ಹೊಸದಾಗಿ ಹಾಡಿದಳು. ಕೊನೆಯ ಬಳುಕನ್ನು ತೆಗೆದುಹಾಕಲು ಎಷ್ಟೋ ಸಲ ಹಾಡಬೇಕಾಯಿತು. ಪ್ರತಿ ಸಲ ಗಂಟಲು ತಾನಾಗಿ ಮೇಲೇರುತ್ತಿತ್ತು. ಕೊನೆಗೆ ಆ ಜಾಗವನ್ನು ಮಾತ್ರ ಬೇರೆಯಾಗಿ ಹಾಡಿ, ಕತ್ತರಿಸಿ ಅಂಟಿಸಿದಳು. ಅಮಾವಾಸ್ಯೆಯ ಬೆಳಿಗ್ಗೆ ಹಾಡನ್ನು ತನ್ನ ಹೆಸರಿನಲ್ಲಿ ಬಿಟ್ಟು ವಡೆಗೆ ರುಬ್ಬಲು ಕೂತಳು.

ವಡೆ ಎಣ್ಣೆಗೆ ಬೀಳುವ ಮುಂಚೆ ಫೋನಿಗೆ ನೋಟಿಸು ಬಂತು. ಈ ರಾಗ ಕೆಂಪರಾಜಣ್ಣ ಯುವ ಬಳಗದ ಸ್ವತ್ತು, ನಿಮ್ಮ ವಿಡಿಯೊ ತೆಗೆಯಲಾಗಿದೆ. ಅಪ್ಪನ ಹಾಡನ್ನು ಕಾಲರ್ ಟ್ಯೂನ್ ಮಾಡಿಸುವಾಗ ಕೆಂಪರಾಜ್ ಹಕ್ಕನ್ನು ತನ್ನ ಬಳಗದ ಹೆಸರಿಗೆ ಮಾಡಿಸಿಕೊಂಡಿದ್ದ. ಆಕ್ಷೇಪವಿದ್ದರೆ ಹಕ್ಕುದಾರರನ್ನೇ ಕೇಳಿ ಎಂದಿತ್ತು ನೋಟಿಸು. ಅವಳು ಎಣ್ಣೆಯ ಒಲೆ ಆರಿಸಿ ಕೆಂಪರಾಜ್‌ಗೆ ಫೋನ್ ಮಾಡಿದಳು.

“ಅಣ್ಣ, ರಾಗ ನಮ್ಮಮ್ಮಂದು. ನಿಮ್ಮಪ್ಪನೇ ಹೇಳಿದ್ರಲ್ಲ. ನೀವೇ ಬಿಡಿಸಿ ಹೇಳಿದ್ರಿ.”

“ಸ್ಟ್ರೋಕ್ ಆದ್ಮೇಲೆ ಅಪ್ಪ ಏನೇನೋ ಅಂತಿದ್ರು ಕಣಮ್ಮ,” ಎಂದ ಕೆಂಪರಾಜ್. ದನಿಯಲ್ಲಿ ಸಿಟ್ಟಿರಲಿಲ್ಲ. “ನನ್ನನ್ನೇ ಒಂದ್ಸಲ ಯಾರು ನೀನು ಅಂದ್ರು. ಹಬ್ಬದ ದಿನ, ಎಡೆ ಇಟ್ಕೊಂಡು ಸುಮ್ನಿರು. ನಮ್ಮಪ್ಪನ ಹಾಡಿಗೆ ಕೊಟ್ಟಿಗೆ ಕೆಲಸದೋಳ ಹೆಸ್ರು ಹಾಕುದ್ರೆ ಜನ ಸುಮ್ನೆ ಇರ್ತಾರಾ? ನಿನ್ ಒಳ್ಳೇದಕ್ಕೇ ಹೇಳ್ತಿರೋದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು ನಿಜವಾಗಿಯೂ ನಂಬಿದ್ದ. ಇಂಥವರ ಎದುರು ಬೈಗುಳವೂ ದಂಡ.

ಕೀರ್ತನ ಒಲೆ ಹೊತ್ತಿಸಿ ವಡೆ ಕರಿದಳು. ಲೋಕಕ್ಕೆ ಹೋಗದಿದ್ದರೆ ಬೇಡ, ಅಪ್ಪನಾದರೂ ಕೇಳಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡಳು. ಕೇಳಬೇಕಾದವರು ಮೊದಲಿನಿಂದಲೂ ಇಬ್ಬರೇ, ಒಬ್ಬರು ಫೋಟೊದಲ್ಲಿ, ಒಬ್ಬರು ಮನೆಯಲ್ಲಿ. ಪಿಳ್ಳಣ್ಣ ಸ್ನಾನ ಮಾಡಿ ಹೊಸ ಟವೆಲ್ ಹೊದ್ದು ಬಂದ. ಪಾಪಕ್ಕನ ಫೋಟೊ ಇಳಿಸಿ ಒರೆಸಿ, ಕುಂಕುಮವಿಟ್ಟು, ಮುಂದೆ ಹೊಸ ಸೀರೆ ಇಟ್ಟ. ಬಾಳೆ ಎಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಎಲೆ ಅಡಿಕೆ ಬಡಿಸಿ ಸಾಂಬ್ರಾಣಿ ಹಾಕಿದರು. ಹೊಗೆಯ ನಡುವೆ ಅವಳು ಫೋನಿನಲ್ಲಿದ್ದ ಹಾಡನ್ನು ಹಾಕಿ ಎಲೆಯ ಪಕ್ಕ ಇಟ್ಟಳು.

ಪಿಳ್ಳಣ್ಣ ಕೈಮುಗಿದು ನಿಂತು ಪೂರ್ತಿ ಕೇಳಿದ. ಹೆಂಡತಿಯ ಹೆಸರು ಬಂದಾಗ ಅವನ ಕಣ್ಣು ತುಂಬಿತು. ಕೀರ್ತನ ಅದನ್ನು ನೋಡಿದಳು. ಇಷ್ಟು ವರ್ಷ ಆ ತಗಡಿನ ಕೆಳಗೆ ಬೆಂದದ್ದು ಇದಕ್ಕೇ ಎನಿಸಿತು. ಹಾಡು ಮುಗಿಯಿತು.

“ಪದ ಭಾಳ ಚೆನ್ನಾಗೈತೆ ಕಣಮ್ಮ,” ಎಂದ ಪಿಳ್ಳಣ್ಣ. “ಆದ್ರೆ ಅಧ್ಯಕ್ಷರ ಹಾಡ್ನ ನಿಮ್ಮಮ್ಮಂಗೆ ಯಾಕೆ ಹಾಕ್ದೆ? ಬೇರೆ ಒಂದು ರಾಗ ಮಾಡ್ಬೋದಿತ್ತಲ್ಲ.”

“ಅದು ಅಮ್ಮಂದೇ ಅಪ್ಪ. ಕೊಟ್ಟಿಗೇಲಿ ಹಾಡ್ಕೊಳೋಳು.”

ಅವನು ಫೋಟೊವನ್ನು ನೋಡಿದ, ಮಗಳನ್ನು ನೋಡಿದ. ಅಣಕ ಇರಲಿಲ್ಲ ಅವನಲ್ಲಿ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ.

“ನಿಮ್ಮಮ್ಮ ಯಾವತ್ತು ಹಾಡಿದ್ಲಮ್ಮ?” ಎಂದ.

ಮಾತಿನಿಂದ ಆಗುವ ಕೆಲಸವಲ್ಲ ಎಂದು ಕೀರ್ತನಳಿಗೆ ಗೊತ್ತಾಯಿತು. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾಪಕ್ಕ ಸಗಣಿ ಬಾಚುವಾಗ ಕೂರುತ್ತಿದ್ದ ಹಾಗೆಯೇ ಕೂತು, ಪದವಿಲ್ಲದೆ ಬರಿ ರಾಗವನ್ನು ಗುನುಗಿದಳು. ಮೊದಲನೆಯ ಸಾಲು ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೆಯದರ ಕೊನೆಗೆ ನೇರವಾಗಿ ಕೆಳಗಿಳಿಯಬೇಕಾದ ಗಂಟಲು ಮೇಲೆದ್ದು ಬಳುಕಿತು. ಅವಳು ನಿಲ್ಲಿಸಿ ಮತ್ತೆ ಎತ್ತಿಕೊಂಡಳು. ಮತ್ತೆ ಬಳುಕಿತು. ಅಮ್ಮ ಹೇಗೆ ಇಳಿಸುತ್ತಿದ್ದಳೆಂದು ಕಣ್ಣು ಮುಚ್ಚಿ ನೆನೆಸಿಕೊಂಡಳು. ಕೊಟ್ಟಿಗೆ ಕಂಡಿತು, ಹಸುಗಳು ಕಂಡವು, ಬಾಗಿದ ಬೆನ್ನು ಕಂಡಿತು. ದನಿ ಮಾತ್ರ ಮೈಕು ಕಟ್ಟಿದ ಆಟೋದಿಂದ ಬರುತ್ತಿತ್ತು.

ಇನ್ನೊಂದು ಸಲ ಶುರುಮಾಡಿ, ಆ ಜಾಗಕ್ಕೆ ಬಂದಾಗ ಹೆದರಿ ಉಸಿರು ಹಿಡಿದಳು. ರಾಗ ಅಲ್ಲೇ ತೆರೆದುಕೊಂಡು ನಿಂತಿತು.

ಮಗಳಿಗೆ ಮುಂದಿನದು ಮರೆತುಹೋಗಿದೆ ಎಂದುಕೊಂಡ ಪಿಳ್ಳಣ್ಣ. ಹೆಂಡತಿಯ ಫೋಟೊಗೆ ಮುಗಿದ ಕೈ ಹಾಗೆಯೇ ಇತ್ತು. ಮೆಲ್ಲಗೆ, ನಾಚಿಕೆಯಿಂದ, ಆ ಜಾಗದಲ್ಲಿ ಹೆಸರು ತುಂಬಿದ.

“ಅಪ್ಪಯ್ಯಣ್ಣಾ...”

ಹುಟ್ಟಿದಾಗಿನಿಂದ ಅವಳು ಅಪ್ಪ ಹಾಡಿದ್ದನ್ನು ಕೇಳಿರಲಿಲ್ಲ. ಶ್ರುತಿ ಸರಿಯಾಗಿತ್ತು.